ಕೊಂಬೆಯ ಮೇಲೆಯೇ ನಿಶ್ಚಯವಾಗುವ ಆಯುಸ್ಸು
ಪೀಚ್ ಹಣ್ಣಿನ ಬಾಳಿಕೆಯನ್ನು ಹೆಚ್ಚಿಸುವ ವಿಚಾರ

ವೈಶಾಖದ ಬಿಸಿಲು ಏರಿ ಜ್ಯೇಷ್ಠ ಮಾಸ ಸಮೀಪಿಸುವ ದಿನಗಳಲ್ಲಿ ದಿಲ್ಲಿಯ ಹಣ್ಣಿನ ಗಾಡಿಗಳ ಮೇಲೆ ಒಂದು ಹೊಸ ಬಣ್ಣ ಕಾಣಿಸಿಕೊಳ್ಳುತ್ತದೆ. ಒಂದು ಕೆನ್ನೆ ಹಳದಿ, ಇನ್ನೊಂದು ಕೆನ್ನೆ ಕೆಂಪು, ಮೈತುಂಬ ನವುರಾದ ರೋಮ. ಅಲ್ಲಿನವರು ಇದನ್ನು ಆಡೂ ಎನ್ನುತ್ತಾರೆ. ಮುಂಬಯಿ, ಪುಣೆ, ಹೈದರಾಬಾದುಗಳ ಪೇಟೆಯಲ್ಲಿ ಪೀಚ್ ಎಂಬ ಹೆಸರೇ ರೂಢಿಯಾಗಿದೆ. ಮಾವು, ಹಲಸು, ಬಾಳೆಗಳ ನಡುವೆ ಬೆಳೆದು ಪರಸ್ಥಳಕ್ಕೆ ಬಂದ ನಮಗೆ ಇದು ಹುಟ್ಟಿನಿಂದ ಪರಿಚಯವಾದ ಹಣ್ಣಲ್ಲ. ಆದರೂ ಹೋಟೆಲಿನ ಉಗ್ರಾಣವನ್ನು ನೋಡಿಕೊಳ್ಳುವ ನಮ್ಮ ಸೋದರರು ಇದರ ಸ್ವಭಾವವನ್ನು ಬಹು ಬೇಗನೆ ಅರಿತಿದ್ದಾರೆ. ಇಂದು ಕಲ್ಲಿನಂತೆ ಗಟ್ಟಿ, ನಾಳೆ ಬೆಣ್ಣೆಯಂತೆ ಮೃದು, ನಾಡಿದ್ದು ಕಂದು ಕಲೆ. ಮೂರನೆಯ ದಿನ ಪೆಟ್ಟಿಗೆಯ ತಳದಿಂದ ಹುಳಿವಾಸನೆ ಏಳುತ್ತದೆ.

ಈ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆಂದು ವಿಚಾರಮಾಡಿ ನೋಡಬೇಕು. ಬೆಟ್ಟದ ತೋಟಗಾರನಿಗೆ ಮಂಡಿಯಲ್ಲಿ ದಲಾಲಿಯು ಮೆತ್ತಗಾದ ಪೆಟ್ಟಿಗೆಯ ಬೆಲೆಯನ್ನು ಇಳಿಸುತ್ತಾನೆ. ಅಂಗಡಿಯವನು ಹತ್ತರಲ್ಲಿ ಎರಡು ಹಣ್ಣು ಹಾಳಾಗುವುದೆಂದು ಮೊದಲೇ ಲೆಕ್ಕಹಾಕಿ ಉಳಿದ ಎಂಟರ ಬೆಲೆಯನ್ನು ಏರಿಸುತ್ತಾನೆ. ಉಗ್ರಾಣದವನು ಯಜಮಾನರಿಗೆ ಉತ್ತರ ಹೇಳಬೇಕಾಗುತ್ತದೆ. ಕೊನೆಯಲ್ಲಿ, ತಿಂಗಳ ಸಂಬಳದಿಂದ ಅರ್ಧ ಕಿಲೋ ಹಣ್ಣು ಕೊಂಡು ಮಕ್ಕಳಿಗೆ ಒಯ್ಯುವ ಗುಮಾಸ್ತನು ಕೊಳೆತ ಹಣ್ಣಿನ ಕ್ರಯವನ್ನೂ ಒಳ್ಳೆಯ ಹಣ್ಣಿನ ಕ್ರಯದೊಳಗೆ ಸೇರಿಸಿಯೇ ತೆರುತ್ತಾನೆ. ಹೀಗೆ ಬೆಟ್ಟದಿಂದ ಪಟ್ಟಣದವರೆಗೆ ಎಲ್ಲರಿಗೂ ತಟ್ಟುವ ಈ ಹಾನಿಗೆ ಪರಿಹಾರವುಂಟೆ? ಉಂಟಾದರೆ ಅದು ಎಲ್ಲಿ ಆರಂಭವಾಗಬೇಕು?

ಹಣ್ಣು ಕೆಡುವ ಮಾತು ಬಂದಾಗ ನಾವು ಸಾಮಾನ್ಯವಾಗಿ ದೂರುವುದು ಲಾರಿಯನ್ನು, ಪೆಟ್ಟಿಗೆಯನ್ನು, ಬಿಸಿಲನ್ನು. ಅವುಗಳ ದೋಷ ಇಲ್ಲವೆಂದಲ್ಲ. ಆದರೆ ತೋಟಗಾರಿಕೆಯ ಶಾಸ್ತ್ರಜ್ಞರು ಹೇಳುವ ಮುಖ್ಯ ಮಾತು ಬೇರೆಯಾಗಿದೆ. ಕೊಯ್ದ ಮೇಲೆ ಮಾಡುವ ಉಪಚಾರವೆಲ್ಲ ಇದ್ದ ಗುಣವನ್ನು ಕಾಪಾಡುವುದಕ್ಕೆ ಮಾತ್ರ. ಇಲ್ಲದ ಗುಣವನ್ನು ತಂದುಕೊಡುವುದು ಅದರಿಂದ ಸಾಧ್ಯವಿಲ್ಲ. ಹಣ್ಣು ಎಷ್ಟು ದಿನ ಬಾಳೀತು ಎಂಬುದರ ಬಹುಭಾಗ ಅದು ಇನ್ನೂ ಕೊಂಬೆಯಲ್ಲಿ ತೂಗುತ್ತಿರುವಾಗಲೇ ನಿಶ್ಚಯವಾಗಿಬಿಟ್ಟಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಹಣ್ಣಿಗೂ ಸಲ್ಲುತ್ತದೆ.

ಚೀಣಾದಿಂದ ಪಂಜಾಬಿಗೆ

ಪೀಚಿನ ಸಸ್ಯಶಾಸ್ತ್ರೀಯ ನಾಮಧೇಯ ಪ್ರೂನಸ್ ಪರ್ಸಿಕಾ. ಪರ್ಸಿಕಾ ಎಂದರೆ ಪಾರಸಿಕ ದೇಶದ್ದು ಎಂದರ್ಥ. ಯುರೋಪಿನವರಿಗೆ ಈ ಹಣ್ಣು ಇರಾನಿನ ಮಾರ್ಗವಾಗಿ ಬಂದುದರಿಂದ ಅವರು ಇದನ್ನು ಇರಾನಿನದೆಂದೇ ನಂಬಿದರು. ನಿಜವಾಗಿ ಇದರ ತವರು ಚೀಣಾ. ಆ ದೇಶದ ಝೆಜಿಯಾಂಗ್ ಪ್ರಾಂತದಲ್ಲಿ ನೆಲದೊಳಗಿಂದ ಅಗೆದು ತೆಗೆದ ಪೀಚಿನ ಗೊರಟುಗಳು ಸುಮಾರು 8,000 ವರ್ಷಗಳಷ್ಟು ಹಳೆಯವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ.

ನಮ್ಮ ದೇಶಕ್ಕೆ ಇದು ಬಂದ ಬಗೆಗೆ ಸೊಗಸಾದ ಒಂದು ವೃತ್ತಾಂತವುಂಟು. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀಣೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಪಂಜಾಬಿನ ಚೀನಭುಕ್ತಿ ಎಂಬ ಪ್ರದೇಶವನ್ನು ವರ್ಣಿಸುತ್ತ, ಕನಿಷ್ಕ ಚಕ್ರವರ್ತಿಯ ಕಾಲದಲ್ಲಿ ಒತ್ತೆಯಾಳುಗಳಾಗಿ ಬಂದು ಅಲ್ಲಿ ತಂಗಿದ ಚೀಣೀಯರೇ ಪೀಚನ್ನೂ ಪೇರ್ ಹಣ್ಣನ್ನೂ ಈ ನೆಲದಲ್ಲಿ ನೆಟ್ಟರೆಂದು ಬರೆದಿದ್ದಾನೆ. ಆದಕಾರಣ ಪೀಚಿಗೆ 'ಚೀನಾನಿ' ಎಂದೂ ಪೇರಿಗೆ 'ಚೀನರಾಜಪುತ್ರ' ಎಂದೂ ಹೆಸರಾಯಿತೆಂದು ಅವನು ಹೇಳುತ್ತಾನೆ. ಹೊಟ್ಟೆಯ ಪಾಡಿಗಾಗಿಯೋ ರಾಜಾಜ್ಞೆಯಿಂದಲೋ ಪರದೇಶಕ್ಕೆ ಹೋದವರು ತಮ್ಮ ಊರಿನ ರುಚಿಯನ್ನು ಜೊತೆಗೆ ಒಯ್ಯುವುದು ಮನುಷ್ಯ ಸ್ವಭಾವ. ಊರು ಬಿಟ್ಟು ಬಂದು ಇಡ್ಲಿ ದೋಸೆಗಳನ್ನು ದೇಶದ ತುಂಬ ಹರಡಿದ ನಮ್ಮವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಇಂದು ಭಾರತದಲ್ಲಿ ಪೀಚು ಮುಖ್ಯವಾಗಿ ಹಿಮಾಚಲ ಪ್ರದೇಶ, ಉತ್ತರಾಖಂಡ, ಜಮ್ಮು ಮತ್ತು ಕಾಶ್ಮೀರ, ಪಂಜಾಬುಗಳಲ್ಲಿ ಬೆಳೆಯುತ್ತದೆ. ಹಿಮಾಚಲದ ಸಿರ್ಮೌರ್ ಜಿಲ್ಲೆಯ ರಾಜಗಢದ ಕಣಿವೆಗೆ ಪೀಚಿನ ಕಣಿವೆಯೆಂದೇ ಪ್ರಸಿದ್ಧಿಯಿದೆ. ಜುಲೈ ಎಲ್ಬರ್ಟಾ ಮುಂತಾದ ಬೆಟ್ಟದ ತಳಿಗಳು ಚಳಿಗಾಲದಲ್ಲಿ ದೀರ್ಘಕಾಲ ಚಳಿಯನ್ನು ಅನುಭವಿಸಿದ ಮೇಲೆಯೇ ಹೂಬಿಡುತ್ತವೆ. ಅಲ್ಪ ಚಳಿಯಲ್ಲಿಯೂ ಫಲಕೊಡುವ ಫ್ಲೋರ್ಡಾಪ್ರಿನ್ಸ್, ಅರ್ಲಿ ಗ್ರಾಂಡೆ, ಶಾನ್-ಎ-ಪಂಜಾಬ್ ಮೊದಲಾದ ತಳಿಗಳು ಪಂಜಾಬಿನ ಬಯಲಿಗೂ ಪೀಚನ್ನು ಇಳಿಸಿದವು. ಇಲ್ಲಿಯೇ ಸಂಕಟ ಆರಂಭವಾಯಿತು. ಬಯಲಿನ ಪೀಚು ಪಕ್ವವಾಗುವುದು ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ. ಆಗ ಉತ್ತರ ದೇಶದಲ್ಲಿ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಣ್ಣುಗಳಲ್ಲಿಯೇ ಅತ್ಯಂತ ಕೋಮಲವಾದುದು ವರ್ಷದಲ್ಲಿಯೇ ಅತ್ಯಂತ ಕ್ರೂರವಾದ ಋತುವಿನಲ್ಲಿ ಪೇಟೆಗೆ ಪಯಣಿಸಬೇಕಾಯಿತು.

ಹಣ್ಣು ಮೆತ್ತಗಾಗುವುದೇಕೆ?

ಕೊಯ್ದ ಹಣ್ಣು ನಿರ್ಜೀವ ಪದಾರ್ಥವಲ್ಲ. ಅದು ಉಸಿರಾಡುತ್ತಿರುತ್ತದೆ, ತನ್ನೊಳಗಿನ ಸಕ್ಕರೆಯನ್ನು ವ್ಯಯಮಾಡುತ್ತಿರುತ್ತದೆ, ಚರ್ಮದ ಮೂಲಕ ನೀರನ್ನು ಕಳೆದುಕೊಳ್ಳುತ್ತಿರುತ್ತದೆ. ತೂಕದಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ನೀರು ಹೋದರೆ ಸಾಕು, ಪೀಚಿನ ಮೈ ಸುಕ್ಕುಗಟ್ಟುತ್ತದೆ.

ಹಣ್ಣಿನ ಮಾಂಸವು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಿದ ಗೋಡೆಯಂತಿದೆ. ಇಟ್ಟಿಗೆಗಳ ನಡುವೆ ಗಾರೆಯಿರುವಂತೆ ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟುದ್ರವ್ಯವಿದೆ. ಕಾಯಿ ಹಣ್ಣಾಗುವ ಕಾಲದಲ್ಲಿ ಕೆಲವು ಕಿಣ್ವಗಳು ಹುಟ್ಟಿ ಈ ಗಾರೆಯನ್ನು ಕರಗಿಸುತ್ತವೆ. ಗಾರೆ ಸಡಿಲವಾದಂತೆ ಹಣ್ಣು ಮೃದುವಾಗುತ್ತದೆ. ಪೂರ್ತಿ ಕರಗಿದಾಗ ಮುದ್ದೆಯಾಗುತ್ತದೆ.

ಈ ಕಿಣ್ವಗಳಿಗೆ ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಅನಿಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಹುದುಗಿಸಿ ಹಣ್ಣುಮಾಡುವ ನಮ್ಮ ಹಿರಿಯರೂ ಬಾಳೆಗೊನೆಗೆ ಹೊಗೆ ಕೊಡುತ್ತಿದ್ದವರೂ ಹೆಸರನ್ನರಿಯದೆ ಇದನ್ನೇ ಉಪಯೋಗಿಸುತ್ತಿದ್ದರು. 1901ರಲ್ಲಿ ರಷ್ಯಾದ ನೆಲ್ಯುಬೋವ್ ಎಂಬ ಶಾಸ್ತ್ರಜ್ಞನು ಬೀದಿದೀಪದ ಅನಿಲದಲ್ಲಿರುವ ಎಥಿಲೀನಿಗೆ ಬಟಾಣಿಯ ಮೊಳಕೆಗಳು ವಿಕಾರವಾಗುವುದನ್ನು ತೋರಿಸಿದನು. 1934ರಲ್ಲಿ ಇಂಗ್ಲೆಂಡಿನ ಗೇನ್ ಎಂಬವನು ಹಣ್ಣು ತಾನೇ ಈ ಅನಿಲವನ್ನು ಉತ್ಪತ್ತಿಮಾಡುವುದನ್ನು ಸಿದ್ಧಪಡಿಸಿದನು. ಪೀಚು ಮಾವು ಬಾಳೆಗಳ ಗುಂಪಿಗೆ ಸೇರಿದ್ದು. ಒಂದು ಹಂತ ಮುಟ್ಟಿದೊಡನೆ ಎಥಿಲೀನ್ ಉಕ್ಕಿಬರುತ್ತದೆ, ಉಸಿರಾಟ ಏರುತ್ತದೆ, ಎರಡು ಮೂರು ದಿನಗಳಲ್ಲಿ ಎಲ್ಲ ಮುಗಿದುಹೋಗುತ್ತದೆ.

ಆದುದರಿಂದ ಹಣ್ಣಿನ ಬಾಳಿಕೆಯನ್ನು ಹೆಚ್ಚಿಸಲು ದಾರಿಗಳು ಎರಡು. ಒಂದು, ಗಾರೆಯನ್ನು ಗಟ್ಟಿಮಾಡುವುದು. ಇನ್ನೊಂದು, ಅಪ್ಪಣೆ ಕೊಡುವ ಅನಿಲವನ್ನು ತಡಮಾಡುವುದು. ಈ ಎರಡೂ ಕೆಲಸಗಳನ್ನು ಹಣ್ಣು ಮರದಲ್ಲಿರುವಾಗಲೇ ಮಾಡಬಹುದೆಂಬುದೇ ನಮ್ಮ ಲೇಖನದ ವಿಷಯ.

ಪೇಠಾ ಕಲಿಸುವ ಪಾಠ

ಗಾರೆಯನ್ನು ಗಟ್ಟಿಮಾಡುವ ವಸ್ತು ಕ್ಯಾಲ್ಸಿಯಮ್, ಅಂದರೆ ನಮ್ಮ ಸುಣ್ಣದ ಸತ್ತ್ವ. ಇದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಮಿಠಾಯಿ ಅಂಗಡಿಗೆ ಹೋದರೆ ಸಾಕು. ನಮ್ಮ ಅಡಿಗೆಯವರು ಬೂದುಗುಂಬಳವನ್ನು ತುರಿದು ಬೇಯಿಸಿ ಕಾಶಿ ಹಲ್ವ ಮಾಡಿದರೆ ಅದು ಬಾಯಲ್ಲಿ ಕರಗುತ್ತದೆ. ಅದೇ ಬೂದುಗುಂಬಳದಿಂದ ಆಗ್ರಾದವರು ಪೇಠಾ ಮಾಡುತ್ತಾರೆ. ಅದು ಪಾಕದಲ್ಲಿ ಕುದಿದರೂ ತುಂಡಿನ ಅಂಚು ಮುರಿಯುವುದಿಲ್ಲ, ಕಚ್ಚಿದರೆ ಗರಿಗರಿಯೆನ್ನುತ್ತದೆ. ಕಾರಣವೇನು? ಪೇಠಾ ಮಾಡುವವರು ತುಂಡುಗಳನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣದ ಕ್ಯಾಲ್ಸಿಯಮ್ ಪೆಕ್ಟಿನ್ ಎಳೆಗಳ ನಡುವೆ ಸೇತುವೆಯಂತೆ ಕುಳಿತು ಒಂದನ್ನು ಇನ್ನೊಂದಕ್ಕೆ ಬಿಗಿಯುತ್ತದೆ. ಹಾಗೆ ಬಿಗಿದ ಎಳೆಗಳನ್ನು ಕರಗಿಸುವುದು ಕಿಣ್ವಗಳಿಗೂ ಕಷ್ಟ, ಬೂಷ್ಟಿಗೂ ಕಷ್ಟ.

ಪೀಚಿನ ತೋಟದಲ್ಲಿ ಮಾಡುವ ಮೊದಲನೆಯ ಉಪಚಾರವೂ ಇದೇ ತತ್ತ್ವದ ಮೇಲೆ ನಿಂತಿದೆ. ಕ್ಯಾಲ್ಸಿಯಮ್ ಕ್ಲೋರೈಡ್ ಅಥವಾ ಕ್ಯಾಲ್ಸಿಯಮ್ ನೈಟ್ರೇಟ್ ಎಂಬ ಲವಣವನ್ನು ನೀರಿನಲ್ಲಿ ಕರಗಿಸಿ ಕಾಯಿಗಳ ಮೇಲೆ ಸಿಂಪಡಿಸುತ್ತಾರೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ನೂರು ಲೀಟರು ನೀರಿಗೆ ಅರ್ಧ ಕಿಲೋದಿಂದ ಎರಡು ಕಿಲೋದವರೆಗೆ ಲವಣವನ್ನು ಉಪಯೋಗಿಸಿದ್ದಾರೆ. ಕೊಯ್ಲಿಗೆ ಮೂರು ನಾಲ್ಕು ವಾರಗಳಿರುವಾಗ ಆರಂಭಿಸಿ ಎರಡು ಮೂರು ಸಲ ಸಿಂಪಡಿಸುವುದುಂಟು. ದ್ರಾವಣ ತೀಕ್ಷ್ಣವಾದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಆದಕಾರಣ ಬಿಸಿಲೇರಿದ ಹೊತ್ತಿನಲ್ಲಿ ಈ ಕೆಲಸ ಮಾಡಬಾರದು.

ಬೇರಿಗೇ ಸುಣ್ಣ ಕೊಟ್ಟರೆ ಸಾಲದೆ, ಹಣ್ಣಿನ ಮೇಲೆಯೇ ಏಕೆ ಸಿಂಪಡಿಸಬೇಕು ಎಂದು ವಾಚಕರು ಕೇಳಬಹುದು. ಕ್ಯಾಲ್ಸಿಯಮ್ ಮರದೊಳಗೆ ನೀರಿನ ಪ್ರವಾಹದೊಡನೆ ಮೇಲೇರುತ್ತದೆ. ನೀರು ಹೆಚ್ಚು ಆವಿಯಾಗುವ ಕಡೆಗೆ, ಎಂದರೆ ಎಲೆಗಳ ಕಡೆಗೆ, ಅದು ಹೋಗುತ್ತದೆ. ಒಮ್ಮೆ ಎಲೆಯಲ್ಲಿ ನೆಲೆಯಾದ ಮೇಲೆ ಅಲ್ಲಿಂದ ಹೊರಟು ಹಣ್ಣಿಗೆ ಬರುವುದು ಅತ್ಯಲ್ಪ. ನೆಲದಲ್ಲಿ ಸಾಕಷ್ಟು ಸುಣ್ಣವಿದ್ದರೂ ಹಣ್ಣು ಅದರ ಬಡವಾಗಿಯೇ ಉಳಿಯುವುದು ಹೀಗೆ. ಸೇಬಿನ ಮೇಲೆ ಕಂದು ಗುಳಿಗಳು ಬೀಳುವ ರೋಗಕ್ಕೂ ಕ್ಯಾಲ್ಸಿಯಮ್ ಕೊರತೆಯೇ ಕಾರಣವೆಂದು ತಿಳಿದಮೇಲೆ ಸೇಬಿನ ತೋಟಗಳಲ್ಲಿ ಈ ಸಿಂಪಡಣೆ ಜಗತ್ತಿನಾದ್ಯಂತ ರೂಢಿಗೆ ಬಂದಿದೆ.

ಇನ್ನೊಂದು ಪಕ್ಷದ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ವಾಚಕರಿಗೆ ಅರ್ಧ ಸತ್ಯವನ್ನಷ್ಟೆ ಹೇಳಿದಂತಾಗುತ್ತದೆ. ಭಾರತದ ಮತ್ತು ಇತರ ದೇಶಗಳ ಹಲವು ಪ್ರಯೋಗಗಳಲ್ಲಿ ಕ್ಯಾಲ್ಸಿಯಮ್ ಪಡೆದ ಪೀಚು ಹೆಚ್ಚು ಗಟ್ಟಿಯಾಗಿ ಉಳಿದು ಕಡಿಮೆ ಕೊಳೆತದ್ದು ನಿಜ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೇಟೆಯಲ್ಲಿ ದೊರೆಯುವ ಹಲವು ಬಗೆಯ ಕ್ಯಾಲ್ಸಿಯಮ್ ದ್ರಾವಣಗಳನ್ನು ಪೀಚಿಗೂ ನೆಕ್ಟರೀನಿಗೂ ಸಿಂಪಡಿಸಿ ನೋಡಿದಾಗ, ಹಣ್ಣಿನ ಮಾಂಸದಲ್ಲಿ ಕ್ಯಾಲ್ಸಿಯಮ್ ಏರಲಿಲ್ಲ. ಗಟ್ಟಿತನದಲ್ಲಿ, ಸಿಹಿಯಲ್ಲಿ, ಕೊಳೆಯುವುದರಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ನೆಲ, ತಳಿ, ಹವೆ, ಸಿಂಪಡಿಸುವ ಕಾಲ ಇವುಗಳಿಗೆ ತಕ್ಕಂತೆ ಫಲ ಬೇರೆಯಾಗುತ್ತದೆ.

ಅಲ್ಲಿನ ಶಾಸ್ತ್ರಜ್ಞರು ಕಂಡ ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಪೀಚಿನ ಚರ್ಮದ ಮೇಲೆ ಮಸಿ ಚೆಲ್ಲಿದಂತಹ ಕಪ್ಪು ಕಲೆಗಳು ಮೂಡುವುದುಂಟು. ಹಣ್ಣುಗಳು ಒಂದಕ್ಕೊಂದು ಉಜ್ಜಿದ ಕಡೆ ಕಬ್ಬಿಣ, ತಾಮ್ರ, ಅಲ್ಯುಮಿನಿಯಮ್ಮಿನ ಅಂಶ ತಗಲಿದರೆ ಚರ್ಮದ ಬಣ್ಣವೇ ಕಪ್ಪಾಗುತ್ತದೆ. ಕೊಯ್ಲು ಸಮೀಪಿಸಿದಾಗ ಸಿಂಪಡಿಸಿದ ದ್ರಾವಣದಲ್ಲಿ ಈ ಲೋಹಗಳ ಲೇಶವಿದ್ದರೂ ಸಾಕು. ಬಾಳಿಕೆ ಹೆಚ್ಚಲೆಂದು ಮಾಡಿದ ಉಪಚಾರ ರೂಪವನ್ನು ಕೆಡಿಸಿದರೆ ಪ್ರಯೋಜನವೇನು? ಆದುದರಿಂದ ಲವಣ ಶುದ್ಧವಾಗಿರಬೇಕು, ನೀರು ನಿರ್ಮಲವಾಗಿರಬೇಕು, ಅಲ್ಲಿನ ತೋಟದಲ್ಲಿ ಸಿದ್ಧಿಸಿದ್ದು ಇಲ್ಲಿಯೂ ಸಿದ್ಧಿಸುವುದೆಂದು ನಂಬಿಬಿಡದೆ ಸ್ಥಳದಲ್ಲಿಯೇ ಪರೀಕ್ಷಿಸಿ ನೋಡಬೇಕು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ, ಸೋಲನ್ ಸಮೀಪದ ನೌಣಿಯ ತೋಟಗಾರಿಕೆ ವಿಶ್ವವಿದ್ಯಾಲಯ, ಪಂತನಗರದ ವಿಶ್ವವಿದ್ಯಾಲಯಗಳ ಅಗತ್ಯ ಇರುವುದು ಇಂತಹ ಕೆಲಸಕ್ಕೆ.

ಅನಿಲವನ್ನು ತಡೆಯುವ ಉಪಾಯಗಳು

ಎರಡನೆಯ ದಾರಿಯಲ್ಲಿ ಬಗೆಬಗೆಯ ದ್ರವ್ಯಗಳಿವೆ. ಅವುಗಳಲ್ಲಿ ಜಿಬ್ಬರೆಲಿನ್ ಎಂಬುದರ ಕಥೆ ಭತ್ತದ ನಾಡಿನವರಾದ ನಮಗೆ ಕುತೂಹಲಕರವಾದುದು. ಭತ್ತದ ಕೆಲವು ಸಸಿಗಳು ಹುಚ್ಚುಹುಚ್ಚಾಗಿ ಎತ್ತರಕ್ಕೆ ಬೆಳೆದು ತೆನೆಕಟ್ಟದೆ ಸಾಯುವ ರೋಗಕ್ಕೆ ಜಪಾನಿನ ರೈತರು 'ಬಕಾನೆ', ಎಂದರೆ ಮೂರ್ಖ ಸಸಿ, ಎಂದು ಹೆಸರಿಟ್ಟಿದ್ದರು. 1926ರಲ್ಲಿ ಕುರೊಸಾವಾ ಎಂಬ ಶಾಸ್ತ್ರಜ್ಞನು ಒಂದು ಬೂಷ್ಟು ಸ್ರವಿಸುವ ದ್ರವ್ಯವೇ ಇದಕ್ಕೆ ಕಾರಣವೆಂದು ಕಂಡುಹಿಡಿದನು. 1935ರಲ್ಲಿ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ನಾಮಕರಣ ಮಾಡಿದನು. ರೋಗದಿಂದ ಸಿಕ್ಕಿದ ಈ ದ್ರವ್ಯವನ್ನು ಮಿತವಾಗಿ, ಸಕಾಲದಲ್ಲಿ ಪೀಚಿಗೆ ಸಿಂಪಡಿಸಿದರೆ ಕಾಯಿ ಪಕ್ವವಾಗುವುದು ತಡವಾಗುತ್ತದೆ, ಹಣ್ಣು ಗಟ್ಟಿಯಾಗಿರುತ್ತದೆ. ಆದರೆ ಹೊತ್ತು ತಪ್ಪಿದರೆ ಬರುವ ವರ್ಷದ ಹೂಮೊಗ್ಗು ಕಡಿಮೆಯಾಗುವ ಅಪಾಯವುಂಟು. ಈ ವರ್ಷದ ಲಾಭಕ್ಕೆ ಬರುವ ವರ್ಷದ ಫಸಲನ್ನು ಅಡವಿಡಬಾರದು.

ಸ್ಯಾಲಿಸಿಲಿಕ್ ಆಮ್ಲ ಮತ್ತೊಂದು. ಇದು ತಲೆನೋವಿಗೆ ನುಂಗುವ ಆಸ್ಪಿರಿನ್ನಿನ ಹತ್ತಿರದ ಬಂಧು. ಸಸ್ಯಗಳು ರೋಗವನ್ನು ಎದುರಿಸಲು ತಾವೇ ತಮ್ಮೊಳಗೆ ತಯಾರಿಸಿಕೊಳ್ಳುವಂಥದು. ಅತಿ ಸ್ವಲ್ಪ ಪ್ರಮಾಣದಲ್ಲಿ ಇದನ್ನು ಸಿಂಪಡಿಸಿದಾಗ ಎಥಿಲೀನ್ ತಗ್ಗಿ, ಹಣ್ಣಿನ ರೋಗನಿರೋಧ ಹೆಚ್ಚಿದುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇನ್ನು 1979ರಲ್ಲಿ ಕ್ಯಾಲಿಫೋರ್ನಿಯಾದ ಆಡಮ್ಸ್ ಮತ್ತು ಯಾಂಗ್ ಎಂಬವರು ಸಸ್ಯದೊಳಗೆ ಎಥಿಲೀನ್ ಹುಟ್ಟುವ ಮಾರ್ಗದ ನಡುಘಟ್ಟವನ್ನು ಪತ್ತೆಮಾಡಿದ ಮೇಲೆ, ಆ ಘಟ್ಟದಲ್ಲಿಯೇ ಬಾಗಿಲು ಹಾಕುವ ಔಷಧಗಳೂ ಬಳಕೆಗೆ ಬಂದಿವೆ. ಅವು ಬೆಲೆಬಾಳುವಂಥವು, ಸಣ್ಣ ತೋಟಗಾರನಿಗೆ ಸುಲಭವಾಗಿ ಎಟಕುವುದಿಲ್ಲ.

ಹೆಕ್ಸನಾಲ್ ಎಂಬ ದ್ರವ್ಯವೂ ಈಚೆಗೆ ಹೆಸರಾಗಿದೆ. ಹುಲ್ಲನ್ನು ಕತ್ತರಿಸಿದಾಗ ಬರುವ ಹಸಿರುವಾಸನೆಯಲ್ಲಿ ಇರುವ ಸಾಮಾನ್ಯ ಸಸ್ಯದ್ರವ್ಯವಿದು. ಜೀವಕೋಶದ ಒಳಪೊರೆಯನ್ನು ಒಡೆಯುವ ಕಿಣ್ವವನ್ನು ಇದು ತಡೆಯುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಇದರ ಪರಿಶೋಧನೆ ಬೆಳೆದು, ಪೀಚು ಮುಂತಾದ ಹಣ್ಣುಗಳ ಮೇಲೆ ಪ್ರಯೋಗವಾಯಿತು. ಆಮೇಲೆ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಹಯೋಗದಿಂದ ನಮ್ಮ ಮಾವಿನ ಮೇಲೂ ಕೊಯ್ಲಿಗೆ ಮುಂಚೆ ಸಿಂಪಡಿಸಿ ನೋಡಿದರು.

ಗೊಬ್ಬರ, ನೀರು, ಕತ್ತರಿ

ಔಷಧದ ಬುಡ್ಡಿಯನ್ನು ಮುಟ್ಟುವ ಮೊದಲೇ ಮಾಡಬೇಕಾದ ಉಪಚಾರಗಳು ಬೇರೆ ಇವೆ. ಇವುಗಳ ವೆಚ್ಚ ಅಲ್ಪ, ಫಲ ನಿಶ್ಚಿತ.

ಮೊದಲನೆಯದು ಗೊಬ್ಬರದ ಮಿತಿ. ಸಾರಜನಕವನ್ನು ಧಾರಾಳವಾಗಿ ಉಣಿಸಿದ ಮರ ಸೊಂಪಾಗಿ ಕಂಡರೂ ಅದರ ಹಣ್ಣಿಗೆ ಬಣ್ಣ ಏರುವುದಿಲ್ಲ, ನೀರು ಬೇಗ ಆರುತ್ತದೆ, ಕೊಳೆರೋಗ ಬೇಗ ತಗಲುತ್ತದೆ. ಎಲೆಯನ್ನು ಪರೀಕ್ಷಿಸಿದಾಗ ಸಾರಜನಕ ನೂರಕ್ಕೆ 2.6ರಿಂದ 3 ಪಾಲಿನೊಳಗೆ ಇರಬೇಕೆಂದು ಕ್ಯಾಲಿಫೋರ್ನಿಯಾದ ಪರಿಶೋಧಕರು ನಿಗದಿಮಾಡಿದ್ದಾರೆ. ಅತಿಯಾಗಿ ಉಂಡ ಮನುಷ್ಯನಂತೆ ಅತಿಯಾಗಿ ಉಂಡ ಮರವೂ ರೋಗಕ್ಕೆ ಮನೆ.

ಎರಡನೆಯದು ನೀರಿನ ಹಿತಮಿತ. ಹಣ್ಣು ತೂಕವೇರಲೆಂದು ಕೊಯ್ಲಿನ ಮುನ್ನ ವಿಪರೀತ ನೀರು ಹಾಯಿಸಿದರೆ ಚರ್ಮದ ಮೇಲಿನ ಮೇಣದ ಪೊರೆ ತೆಳುವಾಗಿ, ಕೊಯ್ದ ಮೇಲೆ ಅದೇ ಹಣ್ಣು ಬೇಗ ಸುಕ್ಕಾಗುತ್ತದೆ.

ಮೂರನೆಯದು ಕತ್ತರಿಯ ಕೆಲಸ. ಕೊಂಬೆಗಳನ್ನು ಸವರಿ ಒಳಗಿನವರೆಗೆ ಬೆಳಕು ಬರುವಂತೆ ಮಾಡಬೇಕು. ಬಿಸಿಲು ಕಂಡ ಹೊರಗಿನ ಹಣ್ಣಿಗಿಂತ ಎಲೆಗಳ ಮರೆಯಲ್ಲಿ ಬೆಳೆದ ಹಣ್ಣು ಬೇಗ ಕೆಡುತ್ತದೆ. ಕಾಯಿಗಳು ಗೊಂಚಲಾಗಿ ಕಟ್ಟಿದಾಗ ಕೆಲವನ್ನು ಎಳೆಯದರಲ್ಲಿಯೇ ಕಿತ್ತು, ಕಾಯಿಯಿಂದ ಕಾಯಿಗೆ ಸುಮಾರು 10ರಿಂದ 15 ಸೆಂಟಿಮೀಟರು ಅಂತರವಿರುವಂತೆ ವಿರಳಗೊಳಿಸಬೇಕು. ಕಣ್ಣೆದುರಿಗಿರುವ ಕಾಯನ್ನು ಕಿತ್ತೆಸೆಯಲು ತೋಟಗಾರನಿಗೆ ಮನಸ್ಸಾಗುವುದಿಲ್ಲ. ಆದರೆ ಎಲ್ಲವನ್ನೂ ಉಳಿಸಿಕೊಂಡವನಿಗೆ ಸಿಗುವುದು ಗೋಲಿಯಂತಹ ಹಣ್ಣು.

ನಾಲ್ಕನೆಯದು ಶುಚಿತ್ವ. ಪೀಚಿನ ಪರಮ ಶತ್ರುವಾದ ಕಂದುಕೊಳೆ ರೋಗವು ಮೊನಿಲೀನಿಯಾ ಎಂಬ ಬೂಷ್ಟಿನಿಂದ ಬರುತ್ತದೆ. ಇದು ಹೂವಿನ ಕಾಲದಲ್ಲಿಯೇ ಮರದೊಳಗೆ ಪ್ರವೇಶಿಸಬಲ್ಲದು. ಕಾಯಿಯಲ್ಲಿ ಗುಪ್ತವಾಗಿ ಅಡಗಿ ಕುಳಿತು, ಹಣ್ಣು ಮಾಗಿದೊಡನೆ ಹೊರಬೀಳುತ್ತದೆ. ಹಿಂದಿನ ವರ್ಷ ಕೊಂಬೆಯಲ್ಲಿಯೇ ಒಣಗಿ ನಿಂತ ಕೊಳೆತ ಹಣ್ಣುಗಳನ್ನು ಕಿತ್ತು ನಾಶಮಾಡದಿದ್ದರೆ ಅವೇ ಈ ವರ್ಷದ ರೋಗಕ್ಕೆ ಬೀಜವಾಗುತ್ತವೆ. ಉಗ್ರಾಣದಲ್ಲಿ ನಾವು ಕಾಣುವ ಕಂದು ಕಲೆ ಕೆಲವೊಮ್ಮೆ ಚಳಿಗಾಲ ಮುಗಿಯುವ ಹೊತ್ತಿಗೇ ಬೆಟ್ಟದಲ್ಲಿ ಬಿತ್ತಿದ್ದಾಗಿರುತ್ತದೆ.

ಇದು ವಿಷವಲ್ಲವೆ?

ಮದ್ದು ಹೊಡೆದ ಹಣ್ಣು ಎಂಬ ಮಾತು ಕೇಳಿದರೆ ಜನರಿಗೆ ಭಯ. ಆ ಭಯ ಅಕಾರಣವಲ್ಲ. ಆದರೆ ಬೇರೆಬೇರೆ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಂಡಿಯಲ್ಲಿ ಕಾಯನ್ನು ಅವಸರದಿಂದ ಹಣ್ಣುಮಾಡಲು ಕೆಲವರು ಹಾಕುವ ಕ್ಯಾಲ್ಸಿಯಮ್ ಕಾರ್ಬೈಡ್ ಬೇರೆ. ತೋಟದಲ್ಲಿ ಸಿಂಪಡಿಸುವ ಕ್ಯಾಲ್ಸಿಯಮ್ ಕ್ಲೋರೈಡ್ ಬೇರೆ. ಕಾರ್ಬೈಡಿನಿಂದ ಅಸಿಟಿಲೀನ್ ಅನಿಲ ಏಳುತ್ತದೆ. ಅದರೊಡನೆ ಪಾಷಾಣ ಮತ್ತು ರಂಜಕದ ಅಂಶಗಳೂ ಬರಬಹುದು. ಆದಕಾರಣ ಹಣ್ಣು ಮಾಗಿಸಲು ಅದನ್ನು ಬಳಸುವುದನ್ನು ನಮ್ಮ ದೇಶದ ಆಹಾರ ಕಾಯಿದೆ ನಿಷೇಧಿಸಿದೆ. 2011ರ ನಿಯಮಗಳಲ್ಲಿಯೂ ಆ ನಿಷೇಧವಿದೆ. ಕ್ಯಾಲ್ಸಿಯಮ್ ಕ್ಲೋರೈಡ್ ಆದರೋ ಆಹಾರದಲ್ಲಿಯೇ ಬಳಸಲು ಅನುಮತಿಯಿರುವ ಲವಣ. ಹೆಸರಿನ ಮೊದಲ ಅರ್ಧ ಒಂದೇ ಎಂದ ಮಾತ್ರಕ್ಕೆ ಗುಣ ಒಂದೇ ಆಗುವುದಿಲ್ಲ.

ಹಾಗೆಂದು ಬೂಷ್ಟುನಾಶಕ ಔಷಧಗಳ ವಿಷಯದಲ್ಲಿ ಉದಾಸೀನರಾಗಬಾರದು. ಸಿಂಪಡಿಸಿದ ದಿನಕ್ಕೂ ಕೊಯ್ಯುವ ದಿನಕ್ಕೂ ನಡುವೆ ಇಷ್ಟು ದಿನ ಕಳೆಯಬೇಕೆಂಬ ನಿಯಮವಿದೆ. ಬೆಲೆ ಏರಿದೆಯೆಂದು ಆ ನಿಯಮವನ್ನು ಮುರಿಯುವವನು ತಿನ್ನುವವನಿಗೆ ದ್ರೋಹಮಾಡುತ್ತಾನೆ. ತಿನ್ನುವವನೂ ಪೀಚನ್ನು ಚೆನ್ನಾಗಿ ತೊಳೆದು, ರೋಮವನ್ನು ಒರೆಸಿಯೇ ತಿನ್ನಬೇಕು.

ಹಣ್ಣು ಕೈಗೆ ಬಂದಮೇಲೆ

ಬೆಟ್ಟದಲ್ಲಿ ಮಾಡಿದ ಇಷ್ಟೆಲ್ಲ ಆರೈಕೆಯನ್ನು ನಮ್ಮ ಉಗ್ರಾಣದಲ್ಲಿ ಒಂದೇ ರಾತ್ರಿಯಲ್ಲಿ ವ್ಯರ್ಥಮಾಡಬಹುದೆಂಬುದನ್ನೂ ಹೇಳಬೇಕು. ಪೀಚಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಸೊನ್ನೆ ಡಿಗ್ರಿಯ ಸಮೀಪದಲ್ಲಿ ಇಟ್ಟರೆ ತಳಿಗೆ ತಕ್ಕಂತೆ ಒಂದು ವಾರದಿಂದ ಐದು ವಾರಗಳವರೆಗೆ ಉಳಿಯುತ್ತದೆ. ಆದರೆ ಸುಮಾರು 2ರಿಂದ 8 ಡಿಗ್ರಿಯ ನಡುವೆ ಇಟ್ಟರೆ ಬೇಗ ಕೆಡುತ್ತದೆ. ಹೊರಗೆ ನೋಡಲು ಚೆಲುವಾಗಿಯೇ ಇರುತ್ತದೆ. ಕತ್ತರಿಸಿದರೆ ಒಳಗೆ ಕಂದು, ತಿಂದರೆ ರಸವಿಲ್ಲದ ಹಿಟ್ಟು. ನಮ್ಮ ಮನೆಯ ಮತ್ತು ಹೋಟೆಲಿನ ಫ್ರಿಜ್ಜುಗಳು ಸಾಧಾರಣವಾಗಿ ಇರುವುದು ಈ ಕೆಟ್ಟ ಮೇರೆಯೊಳಗೇ.

ಆದುದರಿಂದ ಗಟ್ಟಿಯಾದ ಪೀಚನ್ನು ತಂದೊಡನೆ ಫ್ರಿಜ್ಜಿಗೆ ತುರುಕಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಂದರ ಮೇಲೊಂದು ಹೇರದೆ ಒಂದೇ ಪದರವಾಗಿ ಹರವಿಡಬೇಕು. ತೊಟ್ಟಿನ ಬಳಿ ಸುವಾಸನೆ ಬಂದು, ಮೆಲ್ಲಗೆ ಒತ್ತಿದರೆ ಬಗ್ಗುವಂತಾದಾಗ ಹಣ್ಣು ಸಿದ್ಧವಾಯಿತು. ಆಮೇಲೆ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟರೆ ಬಾಧಕವಿಲ್ಲ. ಕೊಳೆತ ಒಂದು ಹಣ್ಣನ್ನು ಕಂಡೊಡನೆ ತೆಗೆದುಹಾಕಬೇಕು. ಅದರ ಬೂಷ್ಟು ನೆರೆಯ ಹಣ್ಣಿಗೆ ಹರಡುತ್ತದೆ. ಮಾಗಿದ ಬಾಳೆಹಣ್ಣಿನ ಪಕ್ಕದಲ್ಲಿ ಇಟ್ಟರೆ ಅದರ ಎಥಿಲೀನಿನಿಂದ ಪೀಚು ಬೇಗ ಮಾಗುತ್ತದೆ. ಬೇಗ ಬೇಕಾದರೆ ಹಾಗೆ ಇಡಬಹುದು, ಬೇಡವಾದರೆ ದೂರವಿಡಬೇಕು. ಕೊಳ್ಳುವಾಗ ಕೆಂಪು ಕೆನ್ನೆಗೆ ಮಾರುಹೋಗಬಾರದು. ಕೆಂಪು ಬಿಸಿಲಿನಿಂದಲೂ ತಳಿಯಿಂದಲೂ ಬರುವಂಥದು. ಕೆಂಪಿಲ್ಲದ ಭಾಗವನ್ನು ನೋಡಬೇಕು. ಅದು ಹಸಿರಾಗಿದ್ದರೆ ಎಳಸಿನಲ್ಲಿಯೇ ಕೊಯ್ದದ್ದು, ಸಿಹಿಯಾಗುವ ಆಶೆ ಇಲ್ಲ. ತಿಳಿಹಳದಿಗೆ ತಿರುಗಿದ್ದರೆ ಸಕಾಲದಲ್ಲಿ ಕೊಯ್ದದ್ದು.

ತಾತ್ಪರ್ಯವೇನು?

ಈ ಕೊನೆಯ ಮಾತಿನಲ್ಲಿಯೇ ನಮ್ಮ ವಿಷಯದ ತಿರುಳಿದೆ. ದೂರದ ಪೇಟೆಗೆ ಹಣ್ಣು ತಲಪಬೇಕಾದರೆ ತೋಟಗಾರನು ಈವರೆಗೆ ಅನುಸರಿಸುತ್ತಿದ್ದ ಸುಲಭೋಪಾಯವೆಂದರೆ ಹಸಿರಿರುವಾಗಲೇ ಕೊಯ್ಯುವುದು. ಅದರಿಂದ ಹಣ್ಣು ದಾರಿಯಲ್ಲಿ ಕೆಡುವುದಿಲ್ಲ, ನಿಜ. ಆದರೆ ಕೊಂಡವನಿಗೆ ರುಚಿಯೂ ದೊರೆಯುವುದಿಲ್ಲ. ಪೀಚಿನ ಸಕ್ಕರೆ ಮರದಿಂದ ಬರಬೇಕೇ ಹೊರತು ಕೊಯ್ದ ಮೇಲೆ ಒಳಗೆ ಹುಟ್ಟುವುದಿಲ್ಲ. ಏಕೆಂದರೆ ಬಾಳೆಯಲ್ಲಿರುವಂತೆ ಅದರಲ್ಲಿ ಪಿಷ್ಟದ ಸಂಗ್ರಹವಿಲ್ಲ. ಒಮ್ಮೆ ಸಪ್ಪೆ ಹಣ್ಣು ತಿಂದವನು ಮತ್ತೆ ಆ ಗಾಡಿಯ ಕಡೆ ನೋಡುವುದಿಲ್ಲ. ಹೀಗೆ ಎಳಸು ಕೊಯ್ಲು ತೋಟಗಾರನಿಗೂ ಕೊನೆಯಲ್ಲಿ ನಷ್ಟವನ್ನೇ ತರುತ್ತದೆ. ಕೊಯ್ಲಿಗೆ ಮುಂಚಿನ ಆರೈಕೆಯಿಂದ ಹಣ್ಣು ಇನ್ನು ನಾಲ್ಕಾರು ದಿನ ಹೆಚ್ಚು ಕೊಂಬೆಯಲ್ಲಿ ನಿಲ್ಲುವಂತಾದರೆ, ಆ ದಿನಗಳಲ್ಲಿ ಅದು ಸಿಹಿಯನ್ನು ತುಂಬಿಕೊಳ್ಳುತ್ತದೆ. ತುಂಬಿಕೊಂಡೂ ಪಯಣವನ್ನು ತಾಳುತ್ತದೆ. ಬಾಳಿಕೆಯೂ ರುಚಿಯೂ ಪರಸ್ಪರ ವೈರಿಗಳಾಗಬೇಕಾಗಿಲ್ಲ.

ನಮ್ಮ ಮೈಸೂರಿನಲ್ಲಿ 1950ರಲ್ಲಿ ಚೆಲುವಾಂಬಾ ಮಹಲಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾದಾಗ, ಬೆಳೆದದ್ದನ್ನು ಹಾಳಾಗದಂತೆ ಉಳಿಸಿಕೊಳ್ಳುವುದೂ ಹೊಸದಾಗಿ ಬೆಳೆಯುವುದಕ್ಕೆ ಸಮಾನವೆಂಬ ತಿಳಿವಳಿಕೆ ದೇಶದಲ್ಲಿ ಬೇರೂರತೊಡಗಿತು. ಆ ತಿಳಿವಳಿಕೆ ಈಗ ಉಗ್ರಾಣದಿಂದ ಹಿಂದಕ್ಕೆ ಹೋಗಿ ತೋಟದ ಕೊಂಬೆಯನ್ನು ಮುಟ್ಟಿದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಾಯಿ ವಿರಳಗೊಳಿಸುವ ಕೂಲಿ, ಸಿಂಪಡಣೆಯ ಖರ್ಚು, ಕಾಯುವ ಧೈರ್ಯ ಇವೆಲ್ಲ ಬೆಟ್ಟದ ಸಣ್ಣ ಹಿಡುವಳಿದಾರನದು; ಅವುಗಳಿಂದ ಉಳಿಯುವ ಹಣ್ಣಿನ ಲಾಭ ಮಂಡಿಯಲ್ಲಿಯೇ ನಿಂತುಹೋದರೆ ಅವನು ಬರುವ ವರ್ಷ ಮತ್ತೆ ಹಸಿರುಕಾಯನ್ನೇ ಕೊಯ್ಯುತ್ತಾನೆ. ಚೆನ್ನಾಗಿ ಬೆಳೆಸಿದ ಹಣ್ಣಿಗೆ ಚೆನ್ನಾದ ಬೆಲೆ ಬೆಳೆದವನ ಕೈಗೆ ತಲಪಬೇಕು. ಅದಾಗದಿದ್ದರೆ ಯಾವ ಲವಣವೂ ಯಾವ ದ್ರಾವಣವೂ ಹಣ್ಣಿಗೆ ಆಯುಸ್ಸು ಕೊಡಲಾರದು.

ಪೇಟೆಯಲ್ಲಿ ಹಣ್ಣನ್ನು ಆರಿಸುವ ನಮ್ಮ ಕೈಗೂ ಇದರಲ್ಲಿ ಪಾಲಿದೆ. ಬಣ್ಣವನ್ನಷ್ಟೆ ನೋಡಿ ಕೊಳ್ಳುವವರು ಇರುವವರೆಗೆ ಬಣ್ಣವನ್ನಷ್ಟೆ ಬೆಳೆಯುವವರೂ ಇರುತ್ತಾರೆ. ಸರಿಯಾಗಿ ಬಲಿತ ಹಣ್ಣನ್ನು ಕೇಳಿ ಕೊಳ್ಳುವ ಗಿರಾಕಿ ಪಟ್ಟಣದಲ್ಲಿದ್ದಾನೆಂದು ತಿಳಿದರೆ ಬೆಟ್ಟದವನು ಇನ್ನು ನಾಲ್ಕು ದಿನ ಕಾದಾನು.